ಆರು ವಾರದ ಕೂದಲು

ನನ್ನ ಕುರ್ಚಿಯಲ್ಲಿ ತಲೆ ತಂದು ಒಡ್ಡುವವರೆಲ್ಲ ಸುಳ್ಳು ಹೇಳುತ್ತಾರೆ. ಇಪ್ಪತ್ತೆರಡು ವರ್ಷದಿಂದ ಪಾರ್ಲರ್ ನಡೆಸುತ್ತಿದ್ದೇನೆ. ಎರಡು ಕುರ್ಚಿ, ಒಂದು ಸಿಂಕು, ಗೋಡೆ ತುಂಬ ಕನ್ನಡಿ. ಎಕ್ಸ್‌ಟೆನ್ಷನ್, ಅಂದರೆ ಉದ್ದ ಕಾಣಲು ಜೋಡಿಸುವ ಬೇರೆ ಕೂದಲು, ಹಾಕಿಸಿಕೊಂಡವರನ್ನು “ಎಷ್ಟು ದಿನ ಆಯ್ತು?” ಎಂದು ಕೇಳಿದರೆ ಬರುವ ಉತ್ತರ ಒಂದೇ: “ಆರು ವಾರ.” ಐದು ತಿಂಗಳಾಗಿ ಬುಡದಲ್ಲಿ ಗುಬ್ಬಿ ಗೂಡು ಕಟ್ಟುವ ಸ್ಥಿತಿಗೆ ಬಂದಿದ್ದರೂ ಆರು ವಾರವೇ. ಆರು ವಾರಕ್ಕೆ ಬಂದು ಬಿಚ್ಚಿಸಿಕೊಳ್ಳಿ, ತೀರಾ ತಡ ಎಂದರೆ ಎಂಟು ಎಂದು ಹಾಕುವ ದಿನವೇ ಹೇಳಿ ಕಳಿಸಿರುತ್ತೇವಲ್ಲ, ಅದನ್ನು ಮಾತ್ರ ಎಲ್ಲರೂ ಬಾಯಿಪಾಠ ಮಾಡಿಕೊಂಡಿರುತ್ತಾರೆ.

ನನ್ನ ಸುಳ್ಳನ್ನೂ ಹೇಳಿಬಿಡುತ್ತೇನೆ. ಸೊಂಟ ಮುಟ್ಟುವ ನನ್ನ ಜಡೆ ಹೆಗಲಿನಿಂದ ಕೆಳಕ್ಕೆ ನನ್ನದಲ್ಲ. ಹಿಂದಿನವರು ಚೌರಿ ಎನ್ನುತ್ತಿದ್ದರು, ಈಗ ಹೆಸರು ಬದಲಾಗಿದೆ, ಅಷ್ಟೆ. ಇದ್ದ ಕೂದಲನ್ನು ತಲೆಗೆ ಅಂಟಿದಂತೆ ಅಡ್ಡಡ್ಡ ಹೆಣೆದು, ಆ ಹೆಣಿಗೆಗೆ ಬೇರೆ ಕೂದಲಿನ ಸಾಲನ್ನು ಸೂಜಿ ದಾರದಲ್ಲಿ ಹೊಲಿದುಕೊಂಡಿದ್ದೇನೆ. ನಾನೇ ಹೊಲಿದದ್ದು, ಹಿಂದಕ್ಕೆ ಕೈ ಹಾಕಿ, ಬೆರಳಿನ ಅಂದಾಜಿನಲ್ಲಿ. ಇನ್ನೊಬ್ಬ ಪಾರ್ಲರಿನವಳ ಮುಂದೆ ತಲೆ ಬಿಚ್ಚಿದರೆ ಸಂಜೆಯೊಳಗೆ ಊರಿಗೆಲ್ಲ ಡಂಗುರ. ನನ್ನ ಅಂಗಡಿಗೆ ಈ ಜಡೆಯೇ ಬೋರ್ಡು. ಗುಟ್ಟು ಗೊತ್ತಿರುವುದು ನಮ್ಮನೆಯವರಿಗೆ ಒಬ್ಬರಿಗೇ. ವರ್ಷವಿಡೀ ನೆಗಡಿಯಿಂದ ಮೂಗು ಕಟ್ಟಿಕೊಂಡಿರುವ ಆ ಮನುಷ್ಯನಿಗೆ ಅದು ಮರೆತೂ ಹೋಗಿದೆ. ಹೊಲಿದು ಎಷ್ಟು ದಿನವಾಯಿತು ಎಂದು ಮಾತ್ರ ಕೇಳಬೇಡಿ. ಕೈ ಪಳಗಿದ ಅಡುಗೆಯವಳು ಉಪ್ಪನ್ನು ಅಳೆದು ಹಾಕುವುದಿಲ್ಲ.

ಆ ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆದು ಇನ್ನೂ ಕನ್ನಡಿ ಒರೆಸುತ್ತಿದ್ದೆ, ನನ್ನ ನಾದಿನಿ ಬಂದಳು. ಗಂಡನ ತಂಗಿ, ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು. ತಲೆಗೆ ಬಿಗಿಯಾಗಿ ಸ್ಕಾರ್ಫ್ ಸುತ್ತಿದ್ದಳು. ನಮ್ಮಿಬ್ಬರಿಗೆ ಮಾತು ಅಷ್ಟಕ್ಕಷ್ಟೆ. ಎಕ್ಸ್‌ಟೆನ್ಷನ್ ಹಾಕಿಸಿಕೊಳ್ಳುವಾಗ ಸ್ವಂತ ಅತ್ತಿಗೆಯ ಅಂಗಡಿ ಬಿಟ್ಟು, ಎರಡು ಬಸ್ಸು ಹತ್ತಿ ಯಾರದೋ ಅಂಗಡಿಗೆ ಹೋಗಿದ್ದಳು. ಅದು ನನ್ನ ಹೊಟ್ಟೆಯಲ್ಲಿ ಕಲ್ಲಿನಂತೆ ಕೂತಿತ್ತು.

“ಯಾರೂ ಇಲ್ಲ ತಾನೇ?” ಎಂದಳು.

“ನಾನಿದ್ದೀನಲ್ಲ.”

“ನೀವು ಸರಿ. ಬೇರೆ ಯಾರೂ ಬರ್ದೇ ಇರೋ ಹಾಗೆ ಬಾಗಿಲು ಹಾಕಿ ಅತ್ತಿಗೆ.”

ಬಾಗಿಲು ಹಾಕಿದೆ. ಅವಳು ಸ್ಕಾರ್ಫ್ ಬಿಚ್ಚಿದಳು. ದೇವರಾಣೆಗೂ ಎರಡು ಹೆಜ್ಜೆ ಹಿಂದೆ ಸರಿದೆ. ನೆಲ ಒರೆಸಿ, ಹಿಂಡದೆ ಬಕೆಟ್ಟಿನಲ್ಲೇ ಬಿಟ್ಟ ಬಟ್ಟೆ ನಾಲ್ಕು ದಿನದ ಮೇಲೆ ನಾರುತ್ತದಲ್ಲ, ಅದೇ ವಾಸನೆ. ಮೇಲೆ ಈಜುಕೊಳದ ಔಷಧಿಯ ಘಾಟು, ಅದರ ಮೇಲೆ ಇದೆಲ್ಲವನ್ನೂ ಮುಚ್ಚಲು ಹೊಡೆದುಕೊಂಡ ಮಲ್ಲಿಗೆ ಸೆಂಟು. ಬರಿಯ ನಾತವನ್ನಾದರೂ ತಡೆದುಕೊಳ್ಳಬಹುದು, ಸೆಂಟು ಬೆರೆಸಿದ ನಾತವನ್ನಲ್ಲ.

“ಎಷ್ಟು ದಿನ ಆಯ್ತು?”

“ಆರು ವಾರ,” ಎಂದಳು.

“ಥೂ! ನನ್ನ ಹತ್ರಾನೇ ಹೇಳ್ತೀಯಲ್ಲೇ!”

ಅವಳು ತಲೆ ತಗ್ಗಿಸಿದಳು. “ಐದು ತಿಂಗಳು.”

ಕೈಗವಸು ಹಾಕಿಕೊಂಡೆ. ಒಂದರ ಮೇಲೊಂದು, ಎರಡು ಜೊತೆ. ಕೂದಲನ್ನು ಪುಟ್ಟ ಲೋಹದ ಮಣಿಗಳಲ್ಲಿ ಒತ್ತಿ ಕೂರಿಸುವ ಬಗೆ ಅವಳದು. ಕಡಲೆಬೇಳೆಗಿಂತ ಚಿಕ್ಕ ಮಣಿ, ಅದರೊಳಗೆ ಅವಳ ಒಂದಿಷ್ಟು ಕೂದಲು, ತಂದದ್ದು ಒಂದಿಷ್ಟು. ಮೊದಲು ಮಣಿ ತಲೆಯ ಚರ್ಮದ ಹತ್ತಿರ ಇರುತ್ತದೆ, ಕೂದಲು ಬೆಳೆದಂತೆ ಕೆಳಗಿಳಿಯುತ್ತದೆ. ಇವಳ ಮಣಿಗಳು ಎರಡು ಬೆರಳು ಇಳಿದು, ಒಂದಕ್ಕೊಂದು ತೆಕ್ಕೆ ಹಾಕಿಕೊಂಡು, ಕುತ್ತಿಗೆಯ ಮೇಲೆ ಪಾತ್ರೆ ಉಜ್ಜುವ ನಾರಿನಂತೆ ಒಂದೇ ಮುದ್ದೆಯಾಗಿದ್ದವು. ಒತ್ತಿದರೆ ಒಳಗೆ ತಣ್ಣಗೆ, ಒದ್ದೆ. ಬೆರಳಿಗೆ ಬೂದು ಬಣ್ಣದ ಲೋಳೆ ಹತ್ತಿತು.

“ಒದ್ದೆ ತಲೆ ಕಟ್ತಿದ್ದೆ, ಅಲ್ವಾ?”

“ದಿನಾ ಬೆಳಿಗ್ಗೆ ಕೊಳ, ಅತ್ತಿಗೆ. ಟೋಪಿ ಹಾಕಿದ್ರೂ ನೀರು ಹೋಗುತ್ತೆ. ಬಂದ ತಕ್ಷಣ ಎತ್ತಿ ಗಂಟು ಹಾಕಿ ಮುಂದಿನ ಕ್ಲಾಸಿಗೆ ಓಡ್ತೀನಿ. ಒಣಗಿಸೋಕೆ ಪುರುಸೊತ್ತು ಎಲ್ಲಿ?”

“ಬುಡ ಒಣಗ್ದೇ ಕಟ್ಬಾರ್ದು ಅಂತ ಹಾಕಿದವಳು ಬಾಯಿ ಬಿಟ್ಟು ಹೇಳ್ಲಿಲ್ವಾ? ಮಲಗೋವಾಗ ಸಡಿಲವಾಗಿ ಹೆಣೆದುಕೋ, ತುದಿಯಿಂದ ಮೇಲಕ್ಕೆ ಬಾಚು, ಬುಡಕ್ಕೆ ಎಣ್ಣೆ ಕಂಡೀಷನರ್ ಮೆತ್ತಬೇಡ, ಇಷ್ಟಾದ್ರೂ?”

“ಹೇಳಿದ್ಲು. ಬಾಚಿದ್ರೆ ಉದುರುತ್ತೆ ಅಂತ ಹೆದರಿ ಬಾಚೋದೇ ಬಿಟ್ಟೆ.”

“ನಿನ್ನ ಮೂಗಿಗಾದ್ರೂ ಗೊತ್ತಾಗ್ಲಿಲ್ವಾ, ಹೇಸಿಗೆ?”

“ದಿನಾ ಅದರಲ್ಲೇ ಇದ್ರೆ ಗೊತ್ತಾಗಲ್ಲ. ಮೊನ್ನೆ ಒಂದು ಮಗು, ‘ಮಿಸ್, ಇಲ್ಲೇನೋ ಸತ್ತಿದೆ’ ಅಂತು.”

ನಗು ಬಂತು. ಆಮೇಲೆ ಕನ್ನಡಿಯಲ್ಲಿ ಅವಳ ಮುಖ ಕಂಡಿತು, ನಗು ನಿಂತಿತು. ಒಂದೂವರೆ ವರ್ಷದ ಹಿಂದೆ ಅವಳಿಗೆ ಕೆಟ್ಟ ಜ್ವರ ಬಂದು ತಲೆಗೂದಲು ಹಿಡಿ ಹಿಡಿಯಾಗಿ ಉದುರಿತ್ತು. ದಿಂಬಿನ ಮೇಲೆ, ಬಚ್ಚಲಲ್ಲಿ, ತಟ್ಟೆಯಲ್ಲಿ ಎಲ್ಲೆಲ್ಲೂ ಅವಳದೇ ಕೂದಲು. ತಿಂಗಳುಗಟ್ಟಲೆ ಕಾದ ಮೇಲೆ ಹೊಸದು ಹುಟ್ಟಿ ಅಂಗೈ ಉದ್ದ ಬೆಳೆದಿತ್ತು. ಆ ಅಂಗೈ ಉದ್ದದ ಕೂದಲೇ ಈಗ ಈ ಕೊಳೆತ ಮುದ್ದೆಯೊಳಗೆ ಸಿಕ್ಕಿಹಾಕಿಕೊಂಡಿತ್ತು.

“ಕತ್ತರಿ ಹಾಕಿಬಿಡಿ ಅತ್ತಿಗೆ,” ಎಂದಳು. “ಬೋಳಿಸಿಬಿಡಿ. ಅದಕ್ಕೇ ಬಂದದ್ದು. ನನಗೇ ನನ್ನ ತಲೆ ಮುಟ್ಟೋಕೆ ಅಸಹ್ಯ.”

“ಬೋಳಿಸೋಕೆ ನಾನೇ ಬೇಕಿತ್ತಾ?”

ಅವಳು ಅಳಲಿಲ್ಲ. ಕೆಳತುಟಿ ಮಾತ್ರ ಒಳಗೆಳೆದುಕೊಂಡಳು. ಅದನ್ನು ನೋಡಿ ನನ್ನ ಹಠ ಕೆರಳಿತು. ಕತ್ತರಿಯನ್ನು ಡ್ರಾಯರಿಗೆ ಹಾಕಿ ಮುಚ್ಚಿದೆ.

ನೀರು ಹಾಕಿದರೆ ಮುದ್ದೆ ಇನ್ನೂ ಬಿಗಿಯುತ್ತದೆ. ಅದಕ್ಕೇ ಮೊದಲು ಡ್ರೈಯರಿನ ತಣ್ಣನೆಯ ಗಾಳಿಯಲ್ಲಿ ಒಣಗಿಸಿದೆ. ಬಿಸಿ ಗಾಳಿ ಹಾಕಿದ್ದರೆ ಆ ವಾಸನೆಗೆ ಇಬ್ಬರೂ ರಸ್ತೆಗೆ ಓಡಬೇಕಾಗುತ್ತಿತ್ತು. ಮಣಿಗಳಿಗೆ ಬೆರಳ ತುದಿಯಲ್ಲಿ ಎಣ್ಣೆ ಮುಟ್ಟಿಸಿ, ಚಿಕ್ಕ ಇಕ್ಕಳದಲ್ಲಿ ಒಂದೊಂದನ್ನೇ ಅಮುಕಿ ಅಗಲ ಮಾಡಿ ಜಾರಿಸಿದೆ. ನೂರಾ ನಲವತ್ತಕ್ಕೂ ಹೆಚ್ಚು ಮಣಿ. ಒಂದೊಂದು ಸಡಿಲವಾದಾಗಲೂ ಒಳಗಿನಿಂದ ಹೊಸದಾಗಿ ಒಂದು ಉಸಿರು ನಾತ ಬರುತ್ತಿತ್ತು. ಮುಖ ತಿರುಗಿಸಿ ಉಸಿರೆಳೆದುಕೊಂಡು ಮತ್ತೆ ಕೈ ಹಾಕುತ್ತಿದ್ದೆ. ಬಾಯಿ ಸುಮ್ಮನಿರಲಿಲ್ಲ.

“ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ಆರು ವಾರಕ್ಕೇ ಬಂದಿದ್ರೆ ಅರ್ಧ ಗಂಟೆ ಕೆಲಸ. ಇಷ್ಟು ಹೊಲಸನ್ನ ತಲೆ ಮೇಲೆ ಹೊತ್ಕೊಂಡು ಮಕ್ಕಳನ್ನ ಎತ್ತಿ ಮುದ್ದಾಡ್ತಿದ್ಯಾ?”

“ಬೈಯಿರಿ,” ಎಂದಳು. “ಬೈದ್ರೆ ಸ್ವಲ್ಪ ಹಗುರ ಆಗುತ್ತೆ.”

ಮಣಿಗಳೆಲ್ಲ ಬಂದ ಮೇಲೆ ಉಳಿದದ್ದು ಮುದ್ದೆ. ಒಂದು ಕೈಯಲ್ಲಿ ಬುಡ ಹಿಡಿದು, ಇನ್ನೊಂದರಲ್ಲಿ ಚೂಪು ಬಾಲದ ಬಾಚಣಿಗೆಯ ಮೊನೆ ಹಾಕಿ, ಕೂದಲ ತುದಿಯ ಕಡೆಯಿಂದ ಎಳೆ ಎಳೆಯಾಗಿ ಬಿಡಿಸಿದೆ. ಹಿಡಿಗಟ್ಟಲೆ ಕೂದಲು ಕೈಗೆ ಬಂತು. ಅವಳು ಅದನ್ನು ಕಂಡು ಕಣ್ಣು ಮುಚ್ಚಿಕೊಂಡಳು.

“ಮತ್ತೆ ಎಲ್ಲಾ ಹೋಯ್ತಾ?”

“ಇಲ್ಲ ಕಣೇ. ಯಾರಿಗಾದ್ರೂ ದಿನಕ್ಕೆ ಐವತ್ತು ನೂರು ಎಳೆ ಉದುರುತ್ತೆ. ನಿನ್ನದು ಉದುರಿದ್ರೂ ಬೀಳೋಕೆ ಮಣಿ ಬಿಡ್ಲಿಲ್ಲ, ಐದು ತಿಂಗಳದ್ದು ಒಳಗೇ ಕೂತಿದೆ. ಇದು ಸತ್ತ ಕೂದಲು. ಬದುಕಿರೋದು ಬುಡದಲ್ಲೇ ಇದೆ, ನೋಡು.”

ಹೇಳುವಾಗಲೇ ನನ್ನ ಜಡೆಯ ಬುಡ ನವೆಯಾಯಿತು. ಬಾಚಣಿಗೆಯ ಬಾಲವನ್ನು ಒಳಗೆ ತೂರಿಸಿ ಕೆರೆದುಕೊಂಡು ಕೆಲಸ ಮುಂದುವರಿಸಿದೆ. ಇಂಥ ತಲೆ ನೋಡಿದರೆ ಯಾರಿಗಾದರೂ ಮೈಯೆಲ್ಲ ನವೆ ಹತ್ತುತ್ತದೆ.

ಅವಳು ಕಣ್ಣು ಬಿಟ್ಟು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು.

“ಒಂದು ಮಾತು ಹೇಳ್ಲಾ ಅತ್ತಿಗೆ? ಬೇಜಾರು ಮಾಡ್ಕೋಬೇಡಿ. ಆಗ ನಿಮ್ಮ ಹತ್ರಾನೇ ಬರ್ತಿದ್ದೆ. ಬಾಗಿಲವರೆಗೂ ಬಂದಿದ್ದೆ. ನೀವು ಬೆನ್ನು ಹಾಕಿ ನಿಂತಿದ್ರಿ, ಜಡೆ ಸೊಂಟದವರೆಗೆ ಇಳಿದಿತ್ತು. ಆ ಜಡೆ ಎದುರಿಗೆ ನನ್ನ ಮೋಟು ಕೂದಲು ಹೇಗೆ ಬಿಚ್ಚಲಿ? ನಾಚಿಕೆ ಆಯ್ತು, ಹಾಗೇ ತಿರುಗಿ ಹೋದೆ. ಅವಳ ಹತ್ರ ಬಿಚ್ಚಿಸೋಕೆ ಇನ್ನೊಂದು ಸಲ ಹೋಗೋಣ ಅಂದ್ರೆ, ಅವಳು ಅಂಗಡೀನೇ ಮುಚ್ಚಿದ್ಲು.”

ಐದು ತಿಂಗಳ ಸಿಟ್ಟು ಕೈಯಲ್ಲಿದ್ದ ಎಣ್ಣೆಯಂತೆ ಜಾರಿ ಹೋಯಿತು. ಇದು ನನ್ನದಲ್ಲ ಕಣೇ, ಹೊಲಿದದ್ದು ಎಂದು ಆಗಲೇ ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. “ಅಲ್ಲಾಡಬೇಡ, ನೋವಾಗುತ್ತೆ,” ಎಂದೆ.

ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಮುದ್ದೆ ಪೂರ್ತಿ ಬಿಟ್ಟಿತು. ಕುತ್ತಿಗೆಯ ಮೇಲೆ ರೂಪಾಯಿಯಗಲ ಒಂದು ಕಡೆ ಚರ್ಮ ಕೆಂಪಾಗಿ ಕೂದಲು ಹೋಗಿತ್ತು. ಅದಕ್ಕೆ ನನ್ನ ಡಬ್ಬಿಯ ಮದ್ದು ಯಾವುದೂ ಸಲ್ಲದು, ಚರ್ಮದ ಡಾಕ್ಟರಿಗೆ ತೋರಿಸು ಎಂದೆ. ಉಳಿದದ್ದೆಲ್ಲ ಇತ್ತು. ಎರಡು ಸಲ ತೊಳೆದೆ. ಬುಡಕ್ಕೆ ಬೆರಳು ಹಾಕಿ ನೋಡಿ ನೋಡಿ ಪೂರ್ತಿ ಒಣಗಿಸಿದೆ. ಅಂಗೈ ಉದ್ದದ ಕೂದಲು ಕಿವಿಯ ಮೇಲೆ ಬಂದು ಹಗುರವಾಗಿ ಕುಳಿತಿತು. ಅವಳು ಎರಡೂ ಕೈಯಿಂದ ಮುಟ್ಟಿಕೊಂಡು ಈಗ ಅತ್ತಳು.

ಕೊಳೆತ ಕೂದಲನ್ನೂ ಕೈಗವಸುಗಳನ್ನೂ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಬೀದಿಯ ಕೊನೆಯ ತೊಟ್ಟಿಗೆ ನಾನೇ ಹಾಕಿ ಬಂದೆ. ಸಿಂಕಿಗೆ ಬಿಸಿನೀರು ಸುರಿದೆ. ಟವೆಲುಗಳನ್ನು ಸೋಪಿನ ನೀರಿಗೆ ಹಾಕಿದೆ. ಕಿಟಕಿ ತೆಗೆದು ಎರಡು ಫ್ಯಾನೂ ಹಾಕಿದೆ. ಪೀಡೆ ಹೋಯಿತು ಎನ್ನಿಸಿ ಪಕ್ಕದ ಕುರ್ಚಿಯಲ್ಲಿ ಕುಸಿದೆ.

ಅವಳು ಕಣ್ಣೊರೆಸಿಕೊಂಡು ಮೂಗು ಎಳೆದಳು. ಇನ್ನೊಂದು ಸಲ ಎಳೆದಳು.

“ಅತ್ತಿಗೆ, ಇನ್ನೂ ಬರ್ತಿದೆ.”

“ಏನು?”

“ಅದೇ ವಾಸನೆ.”

ಮೈ ಉರಿಯಿತು. ಎದ್ದು ಸಿಂಕಿನ ತೂತಿಗೆ ಬಗ್ಗಿ ನೋಡಿದೆ, ಏನೂ ಇಲ್ಲ. ಕುರ್ಚಿಯ ಮೆತ್ತೆ ಎತ್ತಿದೆ. ಬಾಚಣಿಗೆಗಳನ್ನು ಒಂದೊಂದಾಗಿ ಮೂಸಿದೆ. ಬಾಲದ ಬಾಚಣಿಗೆಯ ಮೊನೆ ಮೂಸಿದಾಗ ಮೂಗಿಗೆ ಬಡಿಯಿತು. “ಇದನ್ನ ತೊಳೆದಿಲ್ಲ, ಅದಕ್ಕೇ,” ಎಂದೆ. ಆದರೆ ತೊಳೆದಿದ್ದೆ. ಎಲ್ಲವನ್ನೂ ತೊಳೆದಿಟ್ಟ ಮೇಲೆ, ಅದನ್ನೇ ಎತ್ತಿಕೊಂಡು ಮತ್ತೊಮ್ಮೆ ಜಡೆಯ ಬುಡ ಕೆರೆದುಕೊಂಡಿದ್ದೆ.

ಅವಳು ಎದ್ದು ನನ್ನ ಹಿಂದೆ ಬಂದು ನಿಂತಳು.

“ಅಲ್ಲಾಡಬೇಡಿ,” ಎಂದಳು.

ಬೇಡ ಎನ್ನುವಷ್ಟರಲ್ಲಿ ಅವಳ ಬೆರಳು ನನ್ನ ಜಡೆಯ ಬುಡ ಸೇರಿತ್ತು. ಒತ್ತಿದಳು. ಭಾನುವಾರ ತಲೆಗೆ ನೀರು ಹಾಕಿಕೊಂಡು, ಹಾಗೇ ಹೆಣೆದು ಗಂಟು ಹಾಕಿದ್ದೆ. ಒಳಗೆ ತಣ್ಣಗಿದ್ದದ್ದು ನನಗೇ ತಿಳಿಯಿತು. ಬೆರಳು ನನ್ನ ಹೊಲಿಗೆಯ ಗಂಟುಗಳ ಮೇಲೆ ಒಂದೊಂದಾಗಿ ಸರಿದು, ನಾನು ನೋಡದ, ನೋಡಲಾಗದ ಜಾಗದಲ್ಲಿ ನಿಂತಿತು.

ಕನ್ನಡಿಯಲ್ಲಿ ಅವಳ ಮುಖ ಕಂಡಿತು. ಮೂಗು ಸುಕ್ಕಾಗಿತ್ತು, ಬಾಯಿ ಬಿಗಿದಿತ್ತು. ಬೆಳಗಿನಿಂದ ಅದೇ ಕನ್ನಡಿಯಲ್ಲಿ ನಾನು ಹೊತ್ತು ನಿಂತಿದ್ದ ಮುಖ ಅದು. ನನ್ನ ಮೇಲೆ ನನಗೇ ಎಂಥ ಹೇಸಿಗೆಯಾಯಿತೆಂದರೆ, ಆ ತಲೆಯನ್ನು ಅಲ್ಲೇ ಕಳಚಿಟ್ಟು ಓಡುವಂತಾಯಿತು.

“ಥೂ, ಅತ್ತಿಗೆ,” ಎಂದಳು ಮೆಲ್ಲಗೆ. ಬೆರಳು ತೆಗೆಯಲಿಲ್ಲ. “ಇದು ಹೊಲಿದದ್ದಾ?”

ನಾನು ಹೌದೆಂದು ತಲೆ ಆಡಿಸಿದೆ.

ಅವಳು ನನ್ನ ಹೆಗಲು ಅಮುಕಿ ಕುರ್ಚಿಯಲ್ಲಿ ಕೂರಿಸಿ, ಹೊಸ ಕೈಗವಸಿನ ಡಬ್ಬಿಗೆ ಕೈ ಹಾಕಿದಳು. ಒಂದರ ಮೇಲೊಂದು, ಎರಡು ಜೊತೆ ಹಾಕಿಕೊಂಡಳು.

“ಎಷ್ಟು ದಿನ ಆಯ್ತು?”

ಈ ಗೋಡೆಗೆ ಬಣ್ಣ ಬಳಿಸುವ ಮೊದಲು ಹೊಲಿದದ್ದು. ಬಣ್ಣ ಬಳಿಸಿ ಏಳು ತಿಂಗಳಾಗಿತ್ತು.

“ಆರು ವಾರ,” ಎಂದೆ.