ಜೋಗಪ್ಪನ ಕಲ್ಲು

"ಕಳ್ಳ ಹಾದರಗಿತ್ತಿ, ಕಂಪನಿ ಕಲ್ಲು ಮನ್ಯಾಗ ಬಚ್ಚಿಟ್ಕೊಂಡು ಅದಕ್ಕ ಪೂಜಿ ಬ್ಯಾರೆ ಮಾಡ್ತಿ? ತಾ ಹೊರಗ."

ಬೆನಕಪ್ಪ ಅಂಗಳದಲ್ಲೇ ನಿಂತು ಬೈಯುತ್ತಿದ್ದ. ಕೇರಿಯ ಮನೆಯೊಳಗೆ ಕಾಲಿಟ್ಟರೆ ಮೈಲಿಗೆ, ಬೈಗುಳಕ್ಕೆ ಮೈಲಿಗೆ ಇಲ್ಲ ನೋಡಿ. ಇಟ್ಟಿಗಿ ಊರಿನಿಂದ ಆಳು ಕೂಡಿಸಿ ದೂರದ ಕೆಲಸಗಳಿಗೆ ಲಾರಿ ತುಂಬಿ ಕಳಿಸುವ ಮೇಸ್ತ್ರಿ ಅವನು. ಪಕ್ಕದಲ್ಲಿ ಕಂಪನಿಯ ವಕೀಲ ಕರಿ ಕೋಟು ಹಾಕಿಕೊಂಡು ಬೆವರುತ್ತಿದ್ದ.

ಉಚ್ಚಂಗೆಮ್ಮ ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲಿಗೆ ಬಂದಳು. ಕೈಯಲ್ಲಿ ಹಸಿರು ಬಳೆಗಳಿದ್ದವು. ಅವೇ ಅವಳ ಪಾಲಿನ ಶನಿ.

ಎರಡು ವರ್ಷದ ಹಿಂದೆ ಈ ಬೆನಕಪ್ಪನೇ ಅವಳ ಗಂಡ ಜೋಗಪ್ಪನನ್ನು ಗೋದಾವರಿ ಕಡೆಗೆ, ನೆಲ ಕೊರೆದು ಎಣ್ಣೆ ಹುಡುಕುವ ಕಂಪನಿಯ ಕೆಲಸಕ್ಕೆ ಕಳಿಸಿದ್ದ. ಅಲ್ಲಿ ಮೇಲಿನಿಂದ ಕಬ್ಬಿಣದ ಪೈಪು ಕಳಚಿ ಬಿದ್ದು ಜೋಗಪ್ಪ ಸತ್ತ. ಹೆಣ ಬರಲಿಲ್ಲ, ಅಲ್ಲೇ ಎಲ್ಲೋ ಸುಟ್ಟರಂತೆ. ಜೊತೆಗಿದ್ದ ಹಡಗಲಿಯ ಮೆಕ್ಯಾನಿಕ್ ಶೇಖಾವಲಿ ಬಂದು ಹೇಳಿದ್ದಕ್ಕೇ ಸುದ್ದಿ ತಿಳಿಯಿತು. ಬರಿಗೈಯಲ್ಲಿ ಬರಲಾರದೆ ಅವನು ಅಲ್ಲಿ ಕೊರೆಯುತ್ತಿದ್ದ ಎಣ್ಣೆ ಬಾವಿಯ ಆಳದಿಂದ ಮೇಲೆತ್ತಿದ ಕಲ್ಲೊಂದನ್ನು, ಒನಕೆಯ ತುಂಡಿನಂಥದನ್ನು, ಟವೆಲಿನಲ್ಲಿ ಸುತ್ತಿ ತಂದು ಅವಳ ಮಡಿಲಿಗಿಟ್ಟು ಅತ್ತಿದ್ದ.

ಕಂಪನಿಯವರು ಜೋಗಪ್ಪ ಎಂಬುವನೇ ನಮ್ಮಲ್ಲಿರಲಿಲ್ಲ ಎಂದರು. ಅವನು ಯಾವಳನ್ನೋ ಕಟ್ಟಿಕೊಂಡು ಓಡಿಹೋಗಿದ್ದಾನೆ ಎಂದು ಬೆನಕಪ್ಪ ಊರೆಲ್ಲ ಹಬ್ಬಿಸಿದ. ಹೆಣವಿಲ್ಲದೆ ಸತ್ತನೆನ್ನುವುದು ಹೇಗೆಂದು ಕೇರಿಯ ಹಿರಿಯರು ಬಳೆ ಒಡೆಯಲು ಒಪ್ಪಲಿಲ್ಲ. ಮುತ್ತೈದೆಯರು ಅವಳನ್ನು ಅರಿಸಿನಕ್ಕೆ ಕರೆಯಲಿಲ್ಲ, ರಂಡೆಯರು ಪಕ್ಕಕ್ಕೆ ಕೂಡಿಸಿಕೊಳ್ಳಲಿಲ್ಲ. ಅತ್ತ ದರಿ, ಇತ್ತ ಪುಲಿ. ಅವಳಿಗೆ ಉಳಿದದ್ದು ಆ ಕಲ್ಲು. ಸುಟ್ಟ ಮೊದಲ ರೊಟ್ಟಿ ಅದರ ಮುಂದೆ, ಅಮವಾಸ್ಯೆಗೆ ಅದಕ್ಕೆ ಎಣ್ಣೆ, ನೀರು. ಕಲ್ಲಿಗೆ "ಉಂಡಿಯೇನು" ಅಂತ ಕೇಳಿ, ಉತ್ತರಕ್ಕೆ ಕಾದು, ಆಮೇಲೆ ತಾನು ಉಣ್ಣುವಷ್ಟು ಒಂಟಿಯಾಗಿದ್ದಳು.

ಈಗ ಬಾವಿಯಿಂದ ತೆಗೆದ ಕಲ್ಲುಗಳನ್ನು ಜೋಡಿಸಿಡುವ ಕಂಪನಿಯ ಪೆಟ್ಟಿಗೆಯಲ್ಲಿ ಒಂದು ತುಂಡು ಕಡಿಮೆ ಬಿದ್ದಿತ್ತು. ಶೇಖಾವಲಿಯನ್ನು ಬಡಿದು ಬಾಯಿ ಬಿಡಿಸಿದ್ದರು. ಆ ಕಲ್ಲನ್ನು ಬಲ್ಲವರು ನೋಡಿದರೆ ನೆಲದಡಿ ಎಣ್ಣೆ ಎಲ್ಲಿದೆಯೆಂದು ತಿಳಿಯುತ್ತದಂತೆ. ಬೇರೆ ಕಂಪನಿಯ ಕೈಗೆ ಸಿಕ್ಕರೆ ಗುಟ್ಟು ರಟ್ಟಾಗುತ್ತದಂತೆ. ಕಲ್ಲೂ ಕಂಪನಿಯದು, ಕಲ್ಲಿನೊಳಗಿನ ಸುದ್ದಿಯೂ ಕಂಪನಿಯದು, ಇಟ್ಟುಕೊಂಡವರಿಗೆ ಜೈಲು ಎಂದು ವಕೀಲ ವಿವರಿಸಿದ.

"ಹಂಗಾರ ಇದು ನಿಮ್ಮ ಬಾವ್ಯಾಗಿಂದಾ?"

"ನಮ್ಮದೇ."

"ಅದನ್ನ ಕೊರಿಯೋವಾಗ ನನ್ನ ಗಂಡ ಸತ್ತಾನ. ಅಷ್ಟು ಒಪ್ಕೊಳ್ರಿ, ಕಲ್ಲು ಒಯ್ರಿ."

"ಅಂಥವನು ನಮ್ಮಲ್ಲಿ ಇರಲೇ ಇಲ್ಲಮ್ಮ."

"ಇಲ್ಲದವನ ಕಲ್ಲು ನಿಮ್ಮದು ಹೆಂಗಾತ್ರಿ?"

ಬೆನಕಪ್ಪ ಕೈಯೆತ್ತಿಕೊಂಡು ಮುಂದೆ ಬಂದ. ಕಸಿದುಕೊಂಡರೆ ಕೇಸು ನಿಲ್ಲುವುದಿಲ್ಲ, ಪೊಲೀಸರ ಎದುರಿಗೇ ತೆಗೆದುಕೊಳ್ಳಬೇಕು ಎಂದು ವಕೀಲ ತಡೆದ. ಇಬ್ಬರೂ ಜೀಪು ಹತ್ತಿ ಪೊಲೀಸರನ್ನು ಕರೆತರಲು ಹಡಗಲಿಗೆ ಹೋದರು.

ಉಚ್ಚಂಗೆಮ್ಮ ಕಲ್ಲಿಗೆ ನೀರೆರೆದಳು. ಜೋಗಪ್ಪನ ಹಳೆಯ ಧೋತರದಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು, ಗುದ್ದಲಿ ಹಿಡಿದು ಸುಡುಗಾಡಿನ ಕಡೆ ನಡೆದಳು. ಕೇರಿಯವರು ಬಾಗಿಲಲ್ಲಿ ನಿಂತು ನೋಡಿದರೇ ಹೊರತು ಹಿಂದೆ ಬರಲಿಲ್ಲ. ಎಲ್ಲರೂ ಬೆನಕಪ್ಪನ ಕೂಲಿಗೆ ಹೋಗುವವರೇ. ಒಬ್ಬಳೇ ಆಳುದ್ದದ ಕುಣಿ ತೋಡಿ, ಕಲ್ಲನ್ನು ಮಲಗಿಸಿ, ಮೇಲೆ ಉಪ್ಪು ಚೆಲ್ಲಿದಳು. ಮಣ್ಣು ಎಳೆದು ಮುಚ್ಚಿದಳು. ಇನ್ನು ಮನೆಯಲ್ಲಿ ಉಂಡಿಯೇನು ಅನ್ನಲಿಕ್ಕೂ ಯಾರಿಲ್ಲ.

ಪೊಲೀಸಿನವನೊಬ್ಬನನ್ನು ಕೂಡಿಸಿಕೊಂಡು ಬಂದ ಜೀಪು, ಕೇರಿಯಲ್ಲಿ ಕೇಳಿಕೊಂಡು, ಸುಡುಗಾಡಿಗೇ ಬಂತು. ಹಸಿಮಣ್ಣು ಕಂಡವನೇ ಬೆನಕಪ್ಪ, ಅವಳ ಗುದ್ದಲಿ ಕಸಿದು ಅಗೆಯಲು ಹೋದ. ಪೊಲೀಸಿನವನು ಅವನ ರಟ್ಟೆ ಹಿಡಿದ. ಹಿಂದೆ ಗೌಡರ ಮನೆಯ ಆಳುಹೆಣ್ಣು ಸತ್ತಾಗ ಹೂತ ಹೆಣ ತೆಗೆಸಲು ತಹಶೀಲ್ದಾರರೇ ಬಂದದ್ದನ್ನು ಈ ಪೊಲೀಸಿನವನೂ ಕಂಡಿದ್ದ, ಉಚ್ಚಂಗೆಮ್ಮನೂ ಸೇರಿ ಇಡೀ ಕೇರಿಯೂ ಕಂಡಿತ್ತು.

"ಮಣ್ಣು ಮಾಡಿದ್ದನ್ನ ಹಂಗ ಕೆದರಂಗಿಲ್ರಿ. ತಹಶೀಲ್ದಾರ್ರು ಬರ್ಬೇಕು. ಒಳಗ ಯಾರದಾರ, ಎಲ್ಲಿ ಸತ್ರು, ಎಲ್ಲಾ ಬರೀಬೇಕು."

"ಲೇ, ಅದು ಹೆಣ ಅಲ್ಲ, ಕಲ್ಲು."

"ಯಾರಿಗ್ಗೊತ್ತು? ಈಕಿ ಗಂಡ ಎರಡು ವರ್ಷದಿಂದ ಕಾಣವಲ್ಲ ಅಂತ ನೀವ ಹೇಳಿದ್ರಿ."

ಬೆನಕಪ್ಪ ಗುದ್ದಲಿ ಕೆಳಗೆ ಹಾಕಿದ. ಪೊಲೀಸಿನವನು ಅವಳ ಕಡೆ ತಿರುಗಿದ.

"ಒಳಗ ನನ್ನ ಗಂಡ ಜೋಗಪ್ಪ ಅದಾನ್ರಿ," ಎಂದಳು ಉಚ್ಚಂಗೆಮ್ಮ. "ಎಲ್ಲಿ ಸತ್ತ ಅನ್ನೋದನ್ನ ಆ ಕರಿ ಕೋಟಿನವ್ರನ್ನ ಕೇಳಿ ಬರಕೊಳ್ರಿ."

ಬರೆಸಿದರೆ ಜೋಗಪ್ಪ ಕಂಪನಿಯ ಕೆಲಸದಲ್ಲೇ ಸತ್ತನೆಂದು ಒಪ್ಪಿದಂತೆ. ವಕೀಲ ಜೀಪಿನ ಕಡೆ ತಿರುಗಿದ.

ಮಣ್ಣಾದ ಮೇಲೆ ಬಳೆ ಒಡೆಯಲು ಹಿರಿಯ ಹೆಂಗಸರು ಬರಬೇಕು. ಉಚ್ಚಂಗೆಮ್ಮ ಕೇರಿಯ ದಾರಿ ನೋಡಿದಳು. ಯಾರೂ ಬರಲಿಲ್ಲ. ಹೋಗಿ ವಕೀಲನೆದುರು ನಿಂತು, ಮಣ್ಣು ಮೆತ್ತಿದ ಎರಡೂ ಕೈ ಚಾಚಿದಳು.

"ಹಂಗಾರ ನೀವ ಒಡೀರಿ."

ವಕೀಲ ಹಿಂದೆ ಸರಿದ. ಅವಳು ಕೈ ಚಾಚಿಕೊಂಡೇ ಮುಂದೆ ಬಂದಳು.