ಅಡುಗೆಮನೆಯ ಮೇಲಿನ ಅಗಳ

ಹೋಳಿ ಮುಗಿಯುತ್ತಲೇ ಶಂಕರಿಯ ಬಾವಿ ತಳ ಕಾಣುತ್ತಿತ್ತು. ಬಾಳೆಗುಳಿ ಊರಿನಿಂದ ಒಳಗೆ, ಗುಡ್ಡದ ಬುಡದಲ್ಲಿ ಅವರ ಮನೆ. ಮಳೆಗಾಲದ ನೀರೆಲ್ಲ ಅಂಗಳ ತೊಳೆದು ಹಳ್ಳ ಸೇರುತ್ತಿತ್ತು. ಬೇಸಿಗೆಗೆ ಕೊಡ ಹಿಡಿದು ಅಲೆದಾಟ. ಈ ಸಲ ಗಂಡ ಸೋಮ ಹಟ ತೊಟ್ಟ. ಅವನು ಗೌಂಡಿ ಕೆಲಸದವನು. ಮನೆಯ ಹಿಂದಿನ ಕಡಿದಾದ ಗುಡ್ಡದಲ್ಲಿ, ಅಡುಗೆಮನೆಯ ನೇರ ಮೇಲೆ, ನೀರು ಇಂಗಿಸಲು ಉದ್ದದ ಅಗಳ ತೋಡಿದ.

ಸ್ವಸಹಾಯ ಸಂಘದ ಗಾಯತ್ರಿ ನೀರಿಂಗಿಸುವ ತರಬೇತಿಗೆ ಹೋಗಿ ಬಂದವಳು. ಅಗಳ ನೋಡಿ ನಿಂತೇಬಿಟ್ಟಳು.

"ಸೋಮಣ್ಣ, ಇಲ್ಲಿ ಬೇಡ ಮಾರಾಯ. ಇಷ್ಟು ಕಡಿದಾದಲ್ಲಿ ನೀರು ನಿಲ್ಲಿಸಿದ್ರೆ ಮಣ್ಣು ನೆನೆದು ಭಾರ ಆಗ್ತದೆ, ಜಾರ್ತದೆ. ಆಚೆ ಗೇರುಹಿತ್ತಲಲ್ಲಿ ಇಳಿಜಾರು ಕಡಿಮೆ. ಅಲ್ಲಿ ತೋಡು."

"ಬಾವಿ ಇಲ್ಲಿ, ಇಂಗಿಸೂದು ಅಲ್ಲಾ?"

"ಗೇರುಹಿತ್ತಲ ಕೆಳಗೇ ಅಲ್ವಾ ನಿನ್ನ ಬಾವಿ? ನೀರು ಒಳಗೊಳಗೇ ಬರ್ತದೆ. ಮತ್ತೆ, ಪಾಯ ಹಾಕೂವಾಗ ಪೈಪಲ್ಲಿ ನೀರು ತುಂಬಿ ಮಟ್ಟ ನೋಡ್ತ್ಯಲ್ಲ, ಇದಕ್ಕೆ ನೋಡಿದ್ಯಾ?"

"ಅಗಳಕ್ಕೆಂತ ಮಟ್ಟ? ಇದೆಂತ ಬಂಗ್ಲೆಯಾ? ಕಣ್ಣಳತೆ ಸಾಕು."

ಶಂಕರಿ ಗಂಡ ತೋಡಿದ ಮಣ್ಣನ್ನು ಬುಟ್ಟಿಗೆ ತುಂಬಿದಳು. ಬಾವಿ ತುಂಬಲಿ ಎಂಬ ಆಸೆ ಅವಳಿಗೂ ಇತ್ತು.

ಜೂನಿನಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ಒಂದು ಮಧ್ಯಾಹ್ನ ಶಂಕರಿ ಅನ್ನ ಬಸಿಯುತ್ತಿದ್ದಳು. ಹಿಂದಿನ ಗೋಡೆಗೆ ಏನೋ ಬಡಿಯಿತು. ಬಾಗಿಲು ತೆಗೆದರೆ ಹೊಸ್ತಿಲವರೆಗೆ ಕೆಂಪು ನೀರು. ಅಗಳದ ನೀರೆಲ್ಲ ತಗ್ಗಿದ ತುದಿಗೆ ಓಡಿ, ಅಲ್ಲೇ ದಂಡೆ ಕೊರೆಯುತ್ತಿತ್ತು. ಅದರ ಕೆಳಗೆ ಗುಡ್ಡಕ್ಕೆ ಅಡ್ಡವಾಗಿ ಬಿರುಕು, ಅಂಗೈ ಹೋಗುವಷ್ಟು ಅಗಲ.

ಸೋಮ ಪಿಕಾಸಿ ಎತ್ತಿಕೊಂಡ. "ಹತ್ತಿ ನೀರು ಬಿಡಿಸ್ತೆ!"

"ಹತ್ಬೇಡಿ!" ಶಂಕರಿ ಅವನ ತೋಳು ಹಿಡಿದಳು. "ಮೊದಲು ಆಯೀನ ಎತ್ತಿ!"

ಒಳಗೆ ಅವನ ತಾಯಿ ಗಂಗೂ ಜ್ವರದಿಂದ ಮಲಗಿದ್ದಳು. ಮಗನ ಬೆನ್ನೇರಿದವಳು ಕೂಗಿದಳು, "ನನ್ನ ಕವಳದ ಸಂಚಿ! ಎಲೆ ಅಡಿಕೆ ಎಲ್ಲ ಅದ್ರಲ್ಲೇ ಉಂಟು!"

"ಸಂಚಿ ಇರ್ಲಿ, ನೀನು ಗಟ್ಟಿ ಹಿಡ್ಕೋ!"

ಅಂಗಳ ದಾಟಿ ಗಾಯತ್ರಿಯ ಮನೆಯ ದಾರಿ ಹಿಡಿದರು. ಬೆನ್ನ ಹಿಂದೆ ಗುಡ್ಡ ಗುಡುಗಿದಂತಾಯಿತು. ತಿರುಗಿ ನೋಡಿದರೆ ಅಡುಗೆಮನೆ ಇರಲಿಲ್ಲ. ಬಸಿಯಲು ಇಟ್ಟ ಅನ್ನದ ಪಾತ್ರೆ ಮಣ್ಣಿನಡಿ ಹೋಗಿತ್ತು.

ಆ ಮಳೆಗಾಲ ಅವರು ಆ ಮನೆಗೆ ಮರಳದೆ ಬಾಡಿಗೆ ಕೋಣೆಯಲ್ಲಿ ಕಳೆದರು. ದೀಪಾವಳಿ ಕಳೆದ ಮೇಲೆ ಸೋಮ ಹೆಗಲಿಗೆ ಮಟ್ಟದ ಪೈಪು ಸುತ್ತಿಕೊಂಡು ಗಾಯತ್ರಿಯ ಬಾಗಿಲಿಗೆ ಬಂದ.

"ಬಾ, ಗೇರುಹಿತ್ತಲು ತೋರ್ಸು."

ಪೈಪಿನ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಶಂಕರಿಯ ಕೈಯಲ್ಲಿ. ಎರಡೂ ಕಡೆ ನೀರು ಸಮ ನಿಂತಲ್ಲೆಲ್ಲ ಗೂಟ ಹೊಡೆದು, ಗೂಟದ ಸಾಲಿಗೆ ಅಗಳ ತೋಡಿದರು. ಮಣ್ಣನ್ನು ಕೆಳಬದಿಗೆ ಹಾಕಿ ಬದು ಮಾಡಿದರು. ಹೆಚ್ಚಾದ ನೀರು ಹಳ್ಳಕ್ಕೆ ಹೋಗಲು ಕಲ್ಲು ಹಾಸಿದ ದಾರಿ ಬಿಟ್ಟರು. ಕಡಿದಾದ ಗುಡ್ಡಕ್ಕೆ ಮತ್ತೆ ಗುದ್ದಲಿ ತಾಗಿಸಲಿಲ್ಲ.

ಅಂಗಳದ ಆಚೆ ಅಂಚಿಗೆ, ಗುಡ್ಡದಿಂದ ದೂರ, ಹೊಸ ಮನೆಯ ಪಾಯ ಎದ್ದಿತು. ಮುಂದಿನ ಮಳೆಗೆ ಹೊಸ ಅಗಳಗಳು ಉದ್ದಕ್ಕೂ ಸಮವಾಗಿ ತುಂಬಿದವು. ಹೋಳಿ ಕಳೆದರೂ ಬಾವಿಗೆ ಬಿಟ್ಟ ಕೊಡ ನೀರಿನ ಸದ್ದು ಮಾಡಿತು. "ಸಂಚಿಯೊಂದು ಸಿಗ್ಲಿಲ್ಲ" ಎಂದಳು ಗಂಗೂ.

ನೀವೂ ಮಳೆನೀರು ಹಿಡಿಯಿರಿ, ಖಂಡಿತ ಹಿಡಿಯಿರಿ. ಇಳಿಜಾರು ಕಡಿಮೆ ಇರುವಲ್ಲಿ, ಮಟ್ಟ ನೋಡಿ, ತಿಳಿದವರನ್ನು ಕೇಳಿ ತೋಡಿ. ಬಿರುಕು ಕಂಡರೆ ಸಾಮಾನು ಬಿಟ್ಟು ಮೊದಲು ಹೊರಡಿ. ಗುದ್ದಲಿ ಎತ್ತುವ ಮುಂಚೆ ಒಮ್ಮೆ ತಿರುಗಿ ಕೆಳಗೆ ನೋಡಿ. ಕಡಿದಾದ ಗುಡ್ಡದ ಕೆಳಗೆ ಯಾರದೇ ಮನೆಯ ಹೆಂಚು ಕಂಡರೂ, ಅಲ್ಲಿ ಅಗಳ ಬೇಡ.