ಎರಡು ಕಿಲೋ ಲೆನ್ಸು

ಲೆನ್ಸನ್ನು ಗಾಜಿನ ಕೌಂಟರಿನ ಮೇಲೆ ಕುಕ್ಕಿದ ಸದ್ದಿಗೆ ಅಂಗಡಿಯ ಜಗನ್ ಫೋನಿನಿಂದ ತಲೆಯೆತ್ತಿದ.

"ಲೆನ್ಸು ಅಂತ ಒರಳುಗುಂಡು ಮಾರಿದ್ದೀಯಲ್ಲಯ್ಯ ನನಗೆ," ಎಂದರು ವೆಂಕಟರಾಯಪ್ಪ.

ಅವರು ನಿವೃತ್ತ ಸರ್ವೆಯರು. ಚಿಕ್ಕಬಳ್ಳಾಪುರದ ಈ ಅಂಗಡಿಯಲ್ಲಿ ಆ ಲೆನ್ಸು ಕೊಂಡು ಒಂಬತ್ತು ವರ್ಷವಾಗಿತ್ತು. ಆಷಾಢ ಸೋಮವಾರ ನಂದಿ ಬೆಟ್ಟದ ಸುತ್ತ ಬರಿಗಾಲಲ್ಲಿ ಪ್ರದಕ್ಷಿಣೆ ಹೋಗುವಾಗಲೂ ಅದು ಜೊತೆಗಿರುತ್ತಿತ್ತು. ನಡೆಯುತ್ತ ನಡೆಯುತ್ತಲೇ ಬಂಡೆಯ ಮೇಲಿನ ಹದ್ದುಗಳ ಫೋಟೋ ತೆಗೆಯುತ್ತಿದ್ದರು. ಹೆಂಡತಿ ವರಲಕ್ಷ್ಮಮ್ಮ ತೀರಿಕೊಂಡ ಮೇಲೆ ಇದು ಮೊದಲ ಆಷಾಢ. ಅವಳ ಹೆಸರಿನಲ್ಲಿ ಈ ಸಲದ ಸುತ್ತು ತಪ್ಪಬಾರದೆಂದು ಹರಕೆ ಹೊತ್ತಿದ್ದರು. ನಿನ್ನೆ ಅಭ್ಯಾಸಕ್ಕೆಂದು ಕ್ಯಾಮೆರಾ ಚೀಲ ಹೆಗಲಿಗೇರಿಸಿ ಹೊರಟವರು, ನಂದಿಯ ರೈಲು ನಿಲ್ದಾಣ ದಾಟುವಷ್ಟರಲ್ಲಿ ಕೈ ಜೋಮು ಹಿಡಿದು ಕೂತುಬಿಟ್ಟಿದ್ದರು. ಸೋಮವಾರಕ್ಕೆ ಮೂರೇ ದಿನ ಉಳಿದಿತ್ತು.

ಜಗನ್ ಒಂದು ಲೆನ್ಸು ಕೈಗಿತ್ತು, ಇದು ಒಂದೂವರೆ ಕಿಲೋ ಎಂದ. ಅವರು ಅದನ್ನು ಹಿಂದಕ್ಕೆ ನೂಕಿದರು. ಇನ್ನೊಂದು ಹಗುರ, ಆದರೆ ಅಷ್ಟು ದೂರ ಎಳೆಯುವುದಿಲ್ಲ, ಮಬ್ಬು ಬೆಳಕಿಗೆ ಆಗುವುದಿಲ್ಲ ಎಂದು ಶುರುಮಾಡಿದಾಗ, ಪಾಠ ಬೇಡ ಎಂದು ಗದರಿ ಕಿತ್ತುಕೊಂಡರು. ಗೇಣುದ್ದದ ಲೆನ್ಸು, ಅರ್ಧ ಕಿಲೋ. ಕ್ಯಾಮೆರಾಕ್ಕೆ ಸಿಕ್ಕಿಸಿ ಬಾಗಿಲಿಗೆ ಬಂದು, ಎದುರಿನ ನೀರಿನ ಟ್ಯಾಂಕಿನ ಮೇಲಿದ್ದ ಪಾರಿವಾಳವನ್ನು ನೋಡಿದರು. ಕೆಂಪು ಕಣ್ಣು ನಿಚ್ಚಳವಾಗಿ ಕಂಡಿತು. ನಾಲ್ಕು ಹೆಜ್ಜೆ ನಡೆಯುತ್ತ ನೋಡಿದರು, ಕೈ ನಡುಗಲಿಲ್ಲ. ಇಳಿಯಬೇಕಾಗಿದ್ದ ಸಿಟ್ಟು ಇನ್ನಷ್ಟು ಏರಿತು.

"ಇದು ಯಾವಾಗ ಬಂದಿದ್ದು?"

"ಐದಾರು ವರ್ಷ ಆಯ್ತು ಸಾರ್."

"ಐದಾರು ವರ್ಷದಿಂದ ಬಾಯಲ್ಲೇನು ಇಟ್ಕೊಂಡಿದ್ದೆ?"

ಜಗನ್ ಲೆನ್ಸಿನ ಮುಚ್ಚಳವನ್ನು ಸುಮ್ಮನೆ ಒರೆಸಿದ. "ನಿಮ್ಮನೆ ಅಮ್ಮ ಬಂದು ಹಗುರದ್ದು ಕೇಳಿದ್ರು ಸಾರ್, ನಾಕು ವರ್ಷದ ಹಿಂದೆ. ಇದನ್ನ ಕೈಲಿ ಹಿಡ್ಕೊಂಡು ನಕ್ಕರು. ಹಸುಗೂಸು ಎತ್ಕೊಂಡಂಗಿದೆ ಕಣಪ್ಪ ಅಂದ್ರು. ಮನೇಲಿ ಕೇಳಿ ಬರ್ತೀನಿ ಅಂತ ಹೋದ್ರು. ಆಮೇಲೆ ಬರ್ಲಿಲ್ಲ."

ವರಲಕ್ಷ್ಮಮ್ಮ ಮನೆಯಲ್ಲಿ ಕೇಳಿದ್ದಳು. ಊಟದ ಹೊತ್ತು. ಅವರು ತಟ್ಟೆಯಿಂದ ಮುಖ ಎತ್ತಿರಲಿಲ್ಲ. ಹಗುರದ್ದೆಲ್ಲ ಆಟದ ಸಾಮಾನು, ನಿನಗೇನು ಗೊತ್ತಾಗುತ್ತೆ ಎಂದಿದ್ದರು. ಅವಳು ಸಾರು ಬಡಿಸಿ ಒಳಗೆ ಹೋಗಿದ್ದಳು.

ಸರ್ವೆಯಲ್ಲಿ ಮೂವತ್ತು ವರ್ಷ ಅಳತೆಯ ಸರಪಳಿ, ಬಾವುಟದ ಗಳುಗಳನ್ನು ಹೊತ್ತವರು ಬೇರೆಯವರು. ಆಮೇಲೆ ಕ್ಯಾಮೆರಾ ಚೀಲ ಹೊತ್ತವಳು ಅವಳು. ಅವರು ಹಕ್ಕಿಯ ಮೇಲೆ ಕಣ್ಣಿಟ್ಟು ಕೈ ಹಿಂದಕ್ಕೆ ಚಾಚಿದರೆ ಸಾಕು, ಕ್ಯಾಮೆರಾ ಕೈಗೆ ಬರುತ್ತಿತ್ತು. ಫೋಟೋ ತೆಗೆದಾದ ಮೇಲೆ ಅದೇ ಕೈ ಕ್ಯಾಮೆರಾವನ್ನು ಹಿಂದಕ್ಕೆ ಕೊಡುತ್ತಿತ್ತು. ಅವಳಿಗೆ ಕಡೆಯ ಸ್ನಾನ ಮಾಡಿಸಿದ ಹೆಂಗಸರು, ಬಲಹೆಗಲ ಮೇಲೆ ಅದೇನು ಕಪ್ಪು ಗೆರೆ, ಜಡ್ಡುಗಟ್ಟಿದೆ ಎಂದು ಕೇಳಿದ್ದರು. ಗೊತ್ತಿಲ್ಲ ಎಂದಿದ್ದರು ವೆಂಕಟರಾಯಪ್ಪ.

"ಹಳೇದು ಬಿಟ್ಟು ಹೋಗಿ ಸಾರ್, ಯಾರಿಗಾದ್ರೂ ಕೊಡೋಣ."

"ಮುಟ್ಟಬೇಡ ಅದನ್ನ," ಎಂದರು. ಹಳೆಯ ಲೆನ್ಸನ್ನು ಚೀಲಕ್ಕೆ ತುರುಕಿ ಹೆಗಲಿಗೇರಿಸಿದರು. ಚೀಲದ ಪಟ್ಟಿ ಅವರಿಗೆ ಗಿಡ್ಡವಾಗಿ ಕಂಕುಳಿಗೆ ಸಿಕ್ಕಿಕೊಂಡಿತ್ತು. ಪಟ್ಟಿಗೆ ಅವಳ ಹಳೆಯ ಸೀರೆಯ ತುಂಡು ಮಡಿಸಿ ಹೊಲಿದಿತ್ತು. ಬಿಡಿಸಿ ಉದ್ದ ಮಾಡಿಕೊಡುತ್ತೇನೆಂದು ಜಗನ್ ಕೈ ಹಾಕಿದಾಗ ಅವರು ಅವನ ಕೈಯನ್ನು ಹೊಡೆದು ಸರಿಸಿದರು.

ಸೋಮವಾರ ಬೆಳಿಗ್ಗೆ ಶಿವನಾಮ ಹೇಳುತ್ತ ಜನ ಬೆಟ್ಟ ಸುತ್ತುತ್ತಿದ್ದರು. ವೆಂಕಟರಾಯಪ್ಪ ಹೊಸ ಲೆನ್ಸಿಟ್ಟ ಅದೇ ಚೀಲ ಹೆಗಲಿಗೆ ಹಾಕಿಕೊಂಡು ಅರ್ಧ ದಾರಿ ಬಂದಿದ್ದರು. ಜಲ್ಲಿಕಲ್ಲು ಅಂಗಾಲಿಗೆ ಒತ್ತುತ್ತಿತ್ತು. ದ್ರಾಕ್ಷಿ ತೋಟದಾಚೆಯ ಬಂಡೆಯಿಂದ ಒಂದು ಹದ್ದು ಎದ್ದಿತು.

ಅವರು ನಿಂತರು. ಹದ್ದಿನ ಮೇಲಿಂದ ಕಣ್ಣು ತೆಗೆಯದೆ, ಬಲಗೈಯನ್ನು ಹಿಂದಕ್ಕೆ ಚಾಚಿದರು.